ಬರ್ಲಿ, ಬರ್ಲಿ ಎಂದವಳಿಗೆ

ನಿಟ್ಟುವಳ್ಳಿ, ದಾವಣಗೆರೆ
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಖತೀಜಕ್ಕಾ,

ಸಲಾಂ. ನೀನೂ ಮಗಳು ಸನೋಬರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾನೂ ನಮ್ಮ ಮನೆಯವರೂ ಕ್ಷೇಮ ಎಂದು ಬರೆಯುವುದು ರೂಢಿ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ, ಅಷ್ಟು ನಿಜ. ಈ ಕಾಗದವನ್ನು ಎರಡು ತಿಂಗಳ ಹಿಂದೆಯೇ ಬರೆಯಬೇಕಿತ್ತು. ಐದು ಸಲ ಶುರು ಮಾಡಿ ಐದು ಸಲವೂ ಹರಿದು ಹಾಕಿದೆ. ತಡವಾಯಿತು, ತಪ್ಪಾಯಿತು. ತಡವಾದದ್ದು ನನ್ನ ತಪ್ಪುಗಳಲ್ಲಿ ಬಹಳ ಚಿಕ್ಕದು.

ಫೋನಿನ ಕಾಲದಲ್ಲಿ ಇವಳದೇನು ಕಾಗದ ಎನ್ನಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಯ್ಸ್ ಮೆಸೇಜ್ ಕಳಿಸಿದರೆ ಕೇಳುವುದಿಲ್ಲ. ಅದು ಸರಿಯೇ. ನಾನು ತಪ್ಪು ಮಾಡಿದ್ದು ಈ ಹಾಳು ದನಿಯಿಂದಲೇ, ಈಗ ಅದೇ ದನಿಯಲ್ಲಿ ಕ್ಷಮಿಸು ಎಂದರೆ ಯಾರು ಕೇಳುತ್ತಾರೆ? ಅದಕ್ಕೇ ಪೆನ್ನು ಹಿಡಿದಿದ್ದೇನೆ. ಭಾನುವಳ್ಳಿ ಶಾಲೆಯಲ್ಲಿ ನೀನು ಏಳನೇ ಕ್ಲಾಸು, ನಾನು ನಾಲ್ಕು. ಶುದ್ಧ ಬರಹಕ್ಕೆ ವರ್ಷವೂ ನಿನಗೇ ಬಹುಮಾನ. ನನ್ನ ಈ ಕಾಗೆ ಕಾಲಿನ ಅಕ್ಷರ ನೋಡಿ ನೀನು ಮೂಗು ಮುರಿಯುತ್ತೀ ಎಂದು ಗೊತ್ತು. ಮುರಿದರೂ ಪೂರ್ತಿ ಓದು.

ಮೊದಲಿಂದ ಹೇಳುತ್ತೇನೆ. ಹೋದ ಜೂನ್‌ನಲ್ಲಿ ಆನೆಕೊಂಡದ ಭರಮಣ್ಣನ ಮಂಡಕ್ಕಿ ಅಂಗಡಿ ಮುಂದೆ ಕಾರು ಹಿಂದಕ್ಕೆ ತೆಗೆಯಲು ಹೋಗಿ ಚೀಲಗಳಿಗೆ ಗುದ್ದಿದೆನಲ್ಲ, ಅದು ನಿನಗೆ ಗೊತ್ತು. ಗೊತ್ತಿರದವರು ಯಾರು? ಎದುರಂಗಡಿಯ ಕ್ಯಾಮೆರಾದಲ್ಲಿ ಎಲ್ಲಾ ಬಂದಿತ್ತು. ಎಂಟು ಚೀಲ ಒಡೆದು ರಸ್ತೆ ತುಂಬ ಮಂಡಕ್ಕಿ, ನಡುವೆ ನಾನು ಸ್ಟೇರಿಂಗ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದೇನೆ. ಪಾಪ, ಭರಮಣ್ಣ ಬೈಯಲೂ ಇಲ್ಲ. "ಅಕ್ಕಾರ, ಮಂಡಕ್ಕಿ ಬೇಕಿದ್ರೆ ಬಾಯ್ಬಿಟ್ಟು ಕೇಳ್ಬಾರದೇನ್ರಿ, ಗಾಡಿ ತಂದು ಗುದ್ದಬೇಕೇನ್ರಿ?" ಎಂದ. ಅದೂ ರೆಕಾರ್ಡಾಗಿತ್ತು. ನನ್ನ ನಾದಿನಿಯ ಮಗಳು ಅದನ್ನು 'ಕಲಿತು ಓಡ್ಸು' ಎಂಬ ಟೀವಿ ಸ್ಪರ್ಧೆಗೆ ಕಳಿಸಿದಳು. ರಾಜ್ಯದ ಹನ್ನೆರಡು ಮಂದಿ ಕೆಟ್ಟ ಡ್ರೈವರುಗಳನ್ನು ಆರಿಸಿ, ಬೆಂಗಳೂರಿನ ಹೊರಗಡೆ ಒಂದು ಮೈದಾನದಲ್ಲಿ ಹೊಸದಾಗಿ ಕಲಿಸಿ, ಯಾರು ಎಷ್ಟು ಸುಧಾರಿಸಿದರು ಎಂದು ತೋರಿಸುವುದು. ನಮ್ಮ ಮನೆಯವರು ಮೊದಲು ಮುಖ ಊದಿಸಿದರು. "ಪೈಪು ನಲ್ಲಿ ಮಾರೋನ ಹೆಂಡ್ತಿ ಟೀವಿಗೆ ಹೋಗಿ ಮಾನ ಕಳ್ಕಾಬೇಕೇನೇ?" ಎಂದರು. ನಾನು ಹೋದೆ. ಹೊರಡುವ ಮುಂಚೆ ನಿನಗೆ ಫೋನು ಮಾಡಿದಾಗ ನೀನು ಏನೆಂದೆ, ನೆನಪಿದೆಯಾ? "ಹೋಗು, ನನ್ನ ಹೆಸ್ರು ಉಳಿಸ್ಬೇಕು ನೋಡು" ಎಂದೆ. ಎಷ್ಟು ಚೆನ್ನಾಗಿ ಉಳಿಸಿದೆ ಅಲ್ಲವೇ?

ಅಲ್ಲಿ ಕಲಿಸುವವರು ವಿಜಯಕುಮಾರ್ ಎಂದು, ಮೂವತ್ತು ವರ್ಷ ಬಸ್ಸು ಓಡಿಸಿದವರು. ಮೊದಲ ದಿನ ಪರೀಕ್ಷೆ. ಮುಂದಕ್ಕೆ ನಾನು ಚೆನ್ನಾಗಿಯೇ ಓಡಿಸಿದೆ. ಓಡಿಸದೆ ಏನು, ಡ್ಯಾಶ್‌ಬೋರ್ಡಿನ ಮೇಲೆ ನೀರು ತುಂಬಿದ ಲೋಟ ಇಟ್ಟು ಕಲಿಸಿದವಳು ನೀನು. ಒಂದು ಹನಿ ಚೆಲ್ಲಿದರೂ ಆ ದಿನದ ಚಹಾ ನಾನೇ ಮಾಡಬೇಕಿತ್ತು. ವಿಜಯಕುಮಾರ್ ಅವರು "ಗೇರ್ ಹಾಕೋದು ನೋಡಿದ್ರೆ ಯಾರೋ ಚೆನ್ನಾಗಿ ಕಲ್ಸಿದಾರಲ್ಲಮ್ಮ" ಎಂದರು. ಆಮೇಲೆ ರಿವರ್ಸ್ ತೆಗೆಯಲು ಹೇಳಿದರು. ಗೇರಿಗೆ ಕೈ ಹೋದದ್ದೇ ಕಣ್ಣು ಮುಚ್ಚಿಕೊಂಡೆ. ಹಿಂದಿಟ್ಟಿದ್ದ ಡ್ರಮ್ಮುಗಳು ಉರುಳಿದವು. ಅವರು ಕಿಟಕಿಗೆ ಬಗ್ಗಿ, "ರಿವರ್ಸ್ ಅಂದ್ರೆ ಯಾಕಮ್ಮ ಹಿಂಗೆ ಹೆದರ್ತೀರ? ಹಿಂದೆ ಏನಾದ್ರೂ ಆಗಿತ್ತಾ?" ಎಂದು ಮೆಲ್ಲಗೆ ಕೇಳಿದರು.

ಅಕ್ಕಾ, ಹೇಳುವುದಕ್ಕೆ ನನ್ನ ಹತ್ತಿರ ಒಂದು ಮಾತಿತ್ತು. ಕ್ಯಾಮೆರಾ ಮುಖದ ಹತ್ತಿರ ಬಂದಿತ್ತು. ಉಳಿದ ಹನ್ನೊಂದು ಜನ ನೋಡುತ್ತಿದ್ದರು. ಆ ಮಾತು ನುಂಗಿಕೊಂಡು ಇನ್ನೊಂದನ್ನು ಹೇಳಿದೆ. "ನಂಗೆ ಕಲ್ಸಿದೋರ್ನ ನೀವು ನೋಡಿದ್ರೆ ನೀವೂ ಹೆದರ್ತಿದ್ರಿ ಸಾರ್" ಎಂದೆ. ಯಾರೋ ಕಿಸಕ್ಕೆಂದರು. ಆ ನಗು ಕಿವಿಗೆ ಬಿದ್ದದ್ದೇ ನನಗೆ ಏನೋ ಧೈರ್ಯ ಬಂದ ಹಾಗಾಯಿತು. ಕೆಳಗಿಳಿದೆ. ಸೆರಗು ತಲೆಗೆ ಹೊದ್ದುಕೊಂಡೆ. ಗಾಡಿಯ ಹಿಂದೆ ನಿಂತು, ನೀನು ತಟ್ಟುವ ಹಾಗೇ ಡಿಕ್ಕಿ ತಟ್ಟಿದೆ. ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲಿಸು. ಮಸ್ತಾನಸಾಬ್ ಭಾವ ಲಾರಿ ಕ್ಲೀನರ್ ಆಗಿದ್ದಾಗ ಕಲಿತು ನಿನಗೆ ಕಲಿಸಿದ್ದು, ನೀನು ನನಗೆ ಕಲಿಸಿದ್ದು. "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ತಮಾಷೆಯಾಗಿ ಹೋಗುತ್ತಿತ್ತೇನೋ. "ನಿಮ್ದುಕೆ ಕಾಲು ಐತೆ ಕ್ಯಾ, ಕಂಬ ಐತೆ ಕ್ಯಾ?" ಎಂದೆ. ಆಮೇಲೆ ಎಡಗಾಲು ಎಳೆಯುತ್ತ, ಸೊಂಟ ಒಂದು ಕಡೆಗೆ ಬಗ್ಗಿಸಿ ಗಾಡಿಗೆ ಒಂದು ಸುತ್ತು ಬಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಜಯಕುಮಾರ್ ಅವರು ಮಾತ್ರ ನಗಲಿಲ್ಲ, ಉರುಳಿದ ಡ್ರಮ್ಮು ಎತ್ತಿ ನಿಲ್ಲಿಸುತ್ತಿದ್ದರು.

ನೀನು ಜನ್ಮದಲ್ಲಿ 'ನಿಮ್ದುಕೆ' ಎಂದವಳಲ್ಲ. ನಿನ್ನ ಕನ್ನಡ ನನ್ನ ಕನ್ನಡವೇ, ಒಂದೇ ಊರಿನದು, ಒಂದೇ ಮೇಷ್ಟ್ರ ಕೈಯಲ್ಲಿ ಏಟು ತಿಂದು ಕಲಿತದ್ದು. ನನ್ನದರಲ್ಲೇ ತಪ್ಪು ಜಾಸ್ತಿ. ಟೀವಿಯವರು ಸಾಬರ ಬಾಯಲ್ಲಿ ಇಡುವ ಆ ಕನ್ನಡವನ್ನು ನಾನು ತೆಗೆದು ನಿನ್ನ ಬಾಯಿಗೆ ಇಟ್ಟೆ. ಹೇಸಿಗೆಯಾಗುತ್ತದೆ ಅಕ್ಕಾ. ಬರೆಯುವಾಗಲೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತಿದೆ.

ಒಂದು ಸಲ ಬಾಯಿ ತಪ್ಪಿತು ಎಂದುಕೊಳ್ಳೋಣ. ಆದರೆ ಆಮೇಲೆ ವಾರ ವಾರವೂ ಅವರು "ಮಂಡಕ್ಕಿ ನೇತ್ರಾವತಿ, ನಿಮ್ಮ ಮೇಡಂ ಮಾಡಿ" ಎಂದು ಕೇಳಿದರು, ನಾನು ವಾರ ವಾರವೂ ಮಾಡಿದೆ. ನಾಲ್ಕು ಸಲ. ಮೂರನೆಯ ಸಲ ಮೇಡಂ ವೇಷಕ್ಕೆಂದು ಒಂದು ಕನ್ನಡಕವನ್ನೂ ಕೊಟ್ಟರು. ರಿವರ್ಸ್ ಮಾತ್ರ ಕೊನೆವರೆಗೂ ಬರಲಿಲ್ಲ. ಫೈನಲ್‌ನಲ್ಲಿ ಮೂರು ಡ್ರಮ್ಮು ಕೆಡವಿದೆ. ಆದರೂ 'ಜನ ಮೆಚ್ಚಿದ ಚಾಲಕಿ' ಎಂದು ಚಿನ್ನದ ಬಣ್ಣ ಬಳಿದ ಒಂದು ಸ್ಟೇರಿಂಗ್ ಕೊಟ್ಟು ಕಳಿಸಿದರು. ಏನು ಕಲಿತೆ ಎಂದು ಕೊಟ್ಟರೋ ದೇವರಿಗೇ ಗೊತ್ತು. ಈಗಲೂ ನಮ್ಮ ಕಾಂಪೌಂಡಿನಿಂದ ಕಾರು ಹಿಂದಕ್ಕೆ ತೆಗೆದು ಕೊಡುವವರು ನಮ್ಮ ಮನೆಯವರು, ಹನುಮೇಶ್ ಅವರೇ.

ಊರಿಗೆ ಬಂದ ಮೇಲೆ ಮೊದಲ ವಾರ ನಾನು ಮೆರೆದೆ, ಸುಳ್ಳು ಹೇಳುವುದಿಲ್ಲ. ದೋಸೆ ಹೋಟೆಲಿನಲ್ಲಿ ಒಬ್ಬರು ಫೋಟೋ ತೆಗೆಸಿಕೊಂಡರು. ಗೃಹಪ್ರವೇಶದ ಮನೆಯೊಂದರಲ್ಲಿ "ಬರ್ಲಿ ಬರ್ಲಿ ಮಾಡ್ರಿ" ಎಂದರು, ಮಾಡಿದೆ. ಆಮೇಲೆ ಸಂತೆಯಲ್ಲಿ ನಿನ್ನ ಹತ್ತಿರ ಕಲಿಯುತ್ತಿದ್ದ ಊರಮ್ಮ ಸಿಕ್ಕಳು. "ನಾನು ಖತೀಜಮ್ಮಾರ ಹತ್ರ ಹೋಗೋದು ಬಿಟ್ಟೆ ಕಣ್ರಿ. ಟೀವಿ ನೋಡಿ ನಮ್ಮನೆಯಾರು, ಆ ಕುಂಟಿ ಹತ್ರ ಏನು ಕಲೀತೀಯ ಅಂದ್ರು. ಈಗ ಯಾರೂ ಬರಂಗಿಲ್ಲಂತೆ" ಎಂದಳು. ಬದನೆಕಾಯಿ ಆರಿಸುತ್ತಾ ಹೇಳಿದಳು, ಏನೂ ದೊಡ್ಡದಲ್ಲ ಎನ್ನುವಂತೆ. ಅದೇ ದಿನ ಸನೋಬರ್‌ಗೆ ಫೋನು ಮಾಡಿದೆ. ಯಾವಾಗಲೂ "ನೇತ್ರಾ ಚಿಕ್ಕಿ" ಎನ್ನುತ್ತಿದ್ದವಳು "ಯಾರ್ರೀ?" ಎಂದಳು. ನಂಬರು ಇಲ್ಲವೆಂದೇನಲ್ಲ. ನಾನು ಹೆಸರು ಹೇಳಿದ ಮೇಲೆ ಹೇಳಿದಳು:

"ಫಸ್ಟ್ ದಿನ ಅಮ್ಮಿ ಗಲ್ಲಿ ಮಂದಿನ್ನೆಲ್ಲ ಕರ್ದಿದ್ಲುರಿ. ನಮ್ಮನಿ ಮುಂದೆ ಬೆಂಚು ಹಾಕ್ಸಿದ್ಲು, ಎಲ್ರಿಗೂ ಶಾವಿಗೆ ಪಾಯಸ ಮಾಡಿದ್ಲು. ನನ್ನ ಶಾಗಿರ್ದ್, ನಾನು ಕಲ್ಸಿದಾಕಿ, ಟೀವ್ಯಾಗ ಬರ್ತಾಳ ಅಂತ. ನೀವು ಹಂಗ ಮಾಡಿದ ಮ್ಯಾಲೆ ಎಲ್ರೂ ಅಮ್ಮಿ ಮುಖ ನೋಡಿದ್ರು. ಅಮ್ಮಿನೇ ನಕ್ಕು, ಹೌದು ನಾನು ಹಂಗೇ ಕೂಗ್ತೀನಿ ಅಂದ್ಲು. ಈಗ ಆಟೋ ಸ್ಟ್ಯಾಂಡ್ ದಾಟಾಕ ಒಲ್ಲೆ ಅಂತಾಳ್ರಿ. ಅಲ್ಲಿ ಬರ್ಲಿ ಬರ್ಲಿ ಅಂತ ಕೂಗ್ತಾರ."

ಫೋನು ಇಟ್ಟಳು. ಆ ಚಿನ್ನದ ಸ್ಟೇರಿಂಗನ್ನು ಷೋಕೇಸಿನಿಂದ ತೆಗೆದು ಮಂಚದ ಕೆಳಗೆ ತಳ್ಳಿದೆ.

ಹೋದ ಶುಕ್ರವಾರ ಹರಿಹರಕ್ಕೆ ಬಂದಿದ್ದೆ, ನಿನಗೆ ಗೊತ್ತಿಲ್ಲ. ನಿನ್ನ ಗಲ್ಲಿಯ ಬಾಯಿಯಲ್ಲಿ ಕಾರು ನಿಲ್ಲಿಸಿಕೊಂಡು ಅರ್ಧ ಗಂಟೆ ಕೂತೆ. ನಿನ್ನ ಓಮ್ನಿ ಮನೆ ಮುಂದೆ ನಿಂತಿತ್ತು, ಮೇಲೆ ಧೂಳು ಕೂತಿತ್ತು, ಕೆಂಪು 'ಎಲ್' ಹಾಗೇ ಇತ್ತು. ಇಳಿದು ಹತ್ತು ಹೆಜ್ಜೆ ನಡೆಯುವ ಮುಖ ನನಗಿರಲಿಲ್ಲ. ಕಾರನ್ನೇ ಒಳಗೆ ತರೋಣವೆಂದರೆ ಆ ಗಲ್ಲಿಯಿಂದ ರಿವರ್ಸ್‌ನಲ್ಲೇ ಹೊರಗೆ ಬರಬೇಕು. ಹಾಗೇ ವಾಪಸ್ ಬಂದೆ.

ನೀನು ನನಗೆ ಬೈದು ಬಿಡು ಅಕ್ಕಾ. ಬೈದರೆ ಉಣ್ಣುವುದು ಮೈಗೆ ಹತ್ತೀತು. ಸನೋಬರಳ ಬಿ.ಎಡ್. ಪರೀಕ್ಷೆ ಚೆನ್ನಾಗಿ ಆಗಲಿ, ಅವಳು ಭಾನುವಳ್ಳಿ ಶಾಲೆಗೇ ಟೀಚರಾಗಿ ಹೋಗುವಂತಾಗಲಿ ಎಂದು ಈ ಚಿಕ್ಕಿ ಹರಸಿದ್ದಾಳೆ ಎಂದು ಹೇಳು. ನನ್ನ ಹರಕೆ ಬೇಡ ಎಂದರೆ ಬಲವಂತ ಮಾಡಬೇಡ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಕಾಲಿಗೆ ಬಿದ್ದು ಬೇಡಿಕೊಳ್ಳುವ,
ನೇತ್ರಾವತಿ

ಮ.ವಿ.: ಸಹಿ ಹಾಕಿ ಲಕೋಟೆ ತೆಗೆದವಳು ಮತ್ತೆ ಕೂತಿದ್ದೇನೆ. ಇಷ್ಟುದ್ದ ಬರೆದು, ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ.

ಕೊನೆಯ ವಾರ ವಿಜಯಕುಮಾರ್ ಅವರು ನನ್ನನ್ನು ಬದಿಗೆ ಕರೆದು, "ನಿಮ್ಮ ಮೇಡಂ ಕಾಲಿಗೆ ಏನಾಗಿದೆಯಮ್ಮ?" ಎಂದು ಕೇಳಿದರು. "ಚಿಕ್ಕಂದಿನಿಂದ್ಲೂ ಹಂಗೇ ಸಾರ್" ಎಂದೆ. ಶಾಲೆಯ ಓಟದಲ್ಲಿ ಹುಡುಗರಿಗೂ ಸಿಗದ ನಿನ್ನನ್ನು ನೋಡಿದ್ದ ನಾನು, ಹಾಗೆಂದೆ.

ಆರು ವರ್ಷದ ಹಿಂದೆ, ಹೊಳೆ ದಂಡೆಯ ಬಯಲಿನಲ್ಲಿ, ನೀನು ಓಮ್ನಿಯ ಹಿಂದೆ ನಿಂತು ಬರ್ಲಿ ಬರ್ಲಿ ಎನ್ನುತ್ತಿದ್ದೆ. ಒಂದೇ ಸಲ ತಟ್ಟಿದೆ, ನಿಲ್ಲಿಸು ಎಂದು. ನಾನು ಬ್ರೇಕೆಂದುಕೊಂಡು ಎಕ್ಸಲೇಟರ್ ಒತ್ತಿದೆ. ಚಕ್ರ ನಿನ್ನ ಎಡಗಾಲಿನ ಮೇಲೆ ಹತ್ತಿ ಇಳಿಯಿತು. ಯಾರಿಗಾದರೂ ಒಂದು ಗೀರು ಬಿದ್ದರೂ ಮತ್ತೆ ಸ್ಟೇರಿಂಗ್ ಮುಟ್ಟಕೂಡದು ಎಂದು ನಮ್ಮ ಮನೆಯವರು ಮಾತು ತೆಗೆದುಕೊಂಡಿದ್ದು ನಿನಗೆ ಗೊತ್ತಿತ್ತು. ಮಣ್ಣಿನಲ್ಲಿ ಬಿದ್ದುಕೊಂಡೇ ನೀನು, "ಹೊಳಿ ಮೆಟ್ಲಾಗ ಜಾರಿದೆ ಅಂತ ಹೇಳ್ತೀನಿ. ನೀನು ಬಾಯಿ ಬಿಡಬ್ಯಾಡ" ಎಂದೆ. ಹೆತ್ತ ಮಗಳಿಗೂ ಹೇಳಲಿಲ್ಲ. ಆ ಕಾಲನ್ನೇ ನಾನು ಆಡಿ ತೋರಿಸಿ ಬಹುಮಾನ ತಂದೆ.

ಇವತ್ತು ಬೆಳಿಗ್ಗೆ ಹನುಮೇಶ್ ಅವರಿಗೆ ಎಲ್ಲ ಹೇಳಿದೆ. ಚಹಾ ಲೋಟ ಕೆಳಗಿಟ್ಟರು. "ಆರು ವರ್ಷದಿಂದ ಆಯಮ್ಮ ಕಂಡಾಗೆಲ್ಲ, ಮೆಟ್ಲು ನೋಡ್ಕಂಡು ಇಳೀರಿ ಅಂತ ನಗ್ಸಾಡ್ತಿದ್ನಲ್ಲೇ" ಎಂದರು. ಅಂಗಡಿಗೂ ಹೋಗಲಿಲ್ಲ. ಟೀವಿಯವರಿಗೆ ಫೋನು ಮಾಡಿ ನಿಜ ಹೇಳುತ್ತೇನೆ ಎಂದರೆ, "ಸೀಸನ್ ಮುಗೀತಲ್ಲ ಮೇಡಂ" ಎಂದರು. ನಾನೇ ಫೋನಿನಲ್ಲಿ ಮುಖ ತೋರಿಸಿ ಹೇಳಿ ಊರಿಗೆಲ್ಲ ಕಳಿಸಲು ತಯಾರಿದ್ದೇನೆ. ಕಾಲು ನಿನ್ನದು, ಗುಟ್ಟು ನೀನು ಕಾಪಾಡಿದ್ದು, ಅದಕ್ಕೆ ನಿನ್ನನ್ನು ಕೇಳದೆ ಮಾಡುವುದಿಲ್ಲ. ಈ ಕಾಗದವನ್ನು ಮಾತ್ರ ಸನೋಬರ್ ಕೈಗೆ ಕೊಡು. ಅವಳಿಗೆ ಗೊತ್ತಾಗಲಿ.

ಆ ದಿನ ಬಯಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಲೈಸೆನ್ಸು ಕೂಡ ಬಂದಿರದ ನಾನೇ ನಿನ್ನನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದೆ. ಮುರಿದ ಕಾಲು ಎರಡೂ ಕೈಯಲ್ಲಿ ಹಿಡಿದುಕೊಂಡು, ತುಟಿ ಕಚ್ಚಿಕೊಂಡು, ನೀನು ದಾರಿಯುದ್ದಕ್ಕೂ ಕಲಿಸುತ್ತಲೇ ಇದ್ದೆ. "ಕ್ಲಚ್ ಪೂರ್ತಿ ಒತ್ತು. ಅಳಬ್ಯಾಡ, ರಸ್ತೆ ನೋಡು. ಎದುರಿಗೆ ಬಸ್ ಐತೆ, ದಾರಿ ಬಿಡು." ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸಿದಾಗ ನೀನು, ಬಯಲಿನಲ್ಲೇ ಅರ್ಧ ಚೆಲ್ಲಿದ್ದ ಡ್ಯಾಶ್‌ಬೋರ್ಡಿನ ಲೋಟದ ಕಡೆ ನೋಡಿ, "ದಾರ್ಯಾಗ ಒಂದು ಹನಿ ಚೆಲ್ಲಿಲ್ಲ ನೋಡು. ಚಲೋ ಓಡ್ಸಿದಿ ನೇತ್ರಾ" ಎಂದೆ.

ನನ್ನ ಗಾಡಿ ಓಡಿಸುವುದನ್ನು ನಿಜವಾಗಿ ಮೆಚ್ಚಿ ಯಾರಾದರೂ ಆಡಿದ ಮಾತು ನನಗೆ ಅದೊಂದೇ ಇರುವುದು ಅಕ್ಕಾ.