ಮನಿಲಾ ಸುತ್ತಿ ಬಂದ ಉಡುಪು

ಅಕ್ಟೋಬರ್ ೧೪, ಮಂಗಳವಾರ. ಸಿಕಿಹೋರ್ ದ್ವೀಪ.

ಆ ಪಾರ್ಸೆಲ್ ಕೊನೆಗೂ ಊರಿಗೆ ಬಂದುಬಿಟ್ಟಿದೆ.

ತಾನು ಸತ್ತಾಗ ಉಡಿಸಲೆಂದು ಅಮ್ಮ ನನ್ನ ಅಕ್ಕ ಪೆರ್ಲಿಟಾಳಿಂದ ಹೊಲಿಸಿಕೊಂಡ ಬಿಳಿ ಉಡುಪು ಅದು. "ಅದು ಬರೋ ತನಕ ನಾನು ಸಾಯಲ್ಲ ಕಣೇ" ಎಂದು ಹಟ ಹಿಡಿದು ಮಲಗಿದಲ್ಲೇ ಗಂಜಿ ಕುಡಿಯುತ್ತಿದ್ದಾಳೆ.

ಕಡಲಾಚೆಯ ಅಕ್ಕನ ಊರು ನಮ್ಮ ಕಿಟಕಿಗೇ ಕಾಣುತ್ತದೆ. ಪಾರ್ಸೆಲ್ ಮಾತ್ರ ದೂರದ ರಾಜಧಾನಿ ಮನಿಲಾಗೆ ಹೋಯಿತು, ಅಲ್ಲಿಂದ ಸೆಬು ನಗರಕ್ಕೆ. ಮೊದಲು ಕೊರಿಯರ್‌ನವನಿಗೆ ಚೆನ್ನಾಗಿ ಬೈದಿದ್ದೆ. "ಎದುರುಮನೆಯಿಂದ ಕಳಿಸಿದ್ರೂ ಮನಿಲಾದಲ್ಲೇ ವಿಂಗಡಣೆ ಮ್ಯಾಮ್, ನಾನೇನ್ ಮಾಡ್ಲಿ?" ಎಂದಿದ್ದ.

ಇವತ್ತು ಅವನೇ ಖುಷಿಯಿಂದ ಫೋನ್ ಮಾಡಿದ. "ಬಂತು ಮ್ಯಾಮ್! ನಾಳೆ ಬೆಳಗ್ಗೆನೇ ತರ್ತೀನಿ."

"ಯಾರೇ ಅದು?" ಅಮ್ಮ ಒಳಗಿನಿಂದ ಕೂಗಿದಳು.

"ರಾಂಗ್ ನಂಬರ್ ಅಮ್ಮ."

ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಓಡಿ ಅವನಿಗೆ ಪಿಸುಗುಟ್ಟಿದೆ: "ತಮ್ಮಾ, ಅದನ್ನ ಇನ್ನೊಂದ್ಸಲ ಮನಿಲಾಗೆ ಕಳಿಸೋಕಾಗುತ್ತಾ?"