ಉಪ್ಪುನೀರಿನ ಸೀಗಡಿ, ಕಾವಲ್ ಮಣ್ಣು

ಜೂನ್ 6, 1999. ಭಾನುವಾರ, ಬೆಳಿಗ್ಗೆ 7

ಟ್ಯಾಂಕಿನ ನೀರು ಕಾಲು ಭಾಗ ಬದಲಿಸಿದೆ. ಫಿಲ್ಟರ್ ತೊಳೆದೆ. ಏಂಜೆಲ್ ಮೀನಿನ ಜೋಡಿ ಮತ್ತೆ ಮೊಟ್ಟೆ ಇಟ್ಟಿದೆ. ಪೈಪಿನ ಮೇಲೆ ಸಾಲಾಗಿ, ಇನ್ನೂರಾದರೂ ಇರಬಹುದು. ಮೂರನೇ ಸಲ. ಸಂತೋಷಕ್ಕಿಂತ ಹೆದರಿಕೆಯೇ ಜಾಸ್ತಿ.

ಮೊದಲ ಸಲದ ಮರಿಗಳನ್ನು ಕೊಂದದ್ದು ನಾನೇ. ಚಳ್ಳಕೆರೆಯವನ ಬುದ್ಧಿ... ಕಣ್ಣು ಬಿಟ್ಟರೆ ಎಣ್ಣೆ ಮಿಲ್ಲು. ಎಮ್ಮೆಗೆ ಆಗುವುದು ಮೀನಿಗೆ ಆಗದೇ ಎಂದು ಶೇಂಗಾ ಹಿಂಡಿ ಪುಡಿ ಮಾಡಿ ಹಾಕಿದೆ. ನೀರು ಕೆಟ್ಟು ನಾರಿತು. ಎರಡನೇ ಸಲ ಬೇಯಿಸಿದ ಕೋಳಿಮೊಟ್ಟೆಯ ಹಳದಿ. ಅದೂ ಅಷ್ಟೇ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗೆ ಫೋನ್ ಮಾಡಿದರೆ ಬೈದರು. "ಮರಿಗೆ ಜೀವ ಇರೋ ಆಹಾರ ಬೇಕು ಸಾರ್. ಬ್ರೈನ್ ಶ್ರಿಂಪ್ ಅಂತ, ಉಪ್ಪುನೀರಿನ ಸೀಗಡಿ, ಅದರ ಮೊಟ್ಟೆ ಕಳಿಸ್ತೀನಿ, ಉಪ್ಪುನೀರಲ್ಲಿ ಮರಿ ಮಾಡಿ ಹಾಕಿ."

ಹತ್ತಕ್ಕೆ ಸ್ಟುಡಿಯೋ ತೆಗೆಯಬೇಕು. ಪಾಸ್‌ಪೋರ್ಟ್ ಸೈಜ್ ನಾಲ್ಕು ಬಾಕಿ.

ಜೂನ್ 9, ಬುಧವಾರ

ಡಬ್ಬಿ ಬಂತು. ಗಸಗಸೆಗಿಂತ ಸಣ್ಣ ಕಂದು ಪುಡಿ. ಅದೇ ಮೊಟ್ಟೆಯಂತೆ! ಬಾಟಲಿಗೆ ಒಂದು ಲೀಟರ್ ನೀರು, ಕಲ್ಲುಪ್ಪು, ಏರ್ ಪಂಪ್, ಮೇಲೆ ಬಲ್ಬು. ಇಪ್ಪತ್ನಾಲ್ಕು ಗಂಟೆ ಬೇಕು.

ಜೊತೆಗೆ ಬಂದ ಚೀಟಿ ಎರಡು ಸಲ ಓದಿದೆ. ಹುಟ್ಟಿದ ಹೊಸತರಲ್ಲಿ ಈ ಸೀಗಡಿ ಮರಿಗಳಲ್ಲಿ ಪ್ರೋಟೀನೂ ಕೊಬ್ಬೂ ಭರ್ತಿ. ತಾಯಿ ಕಟ್ಟಿಕೊಟ್ಟ ಬುತ್ತಿ ಇನ್ನೂ ಒಳಗೇ ಇರುತ್ತದೆ. ಒಂದು ದಿನ ತಡವಾದರೆ ಬುತ್ತಿಯನ್ನು ತಾವೇ ತಿಂದು ಮುಗಿಸುತ್ತವೆ, ಮೀನಿಗೆ ಸಿಗುವ ಸಾರ ಇಳಿದುಹೋಗುತ್ತದೆ. ಹಾಗಾಗಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಿನ್ನಿಸಬೇಕು.

ಡಬ್ಬಿಯ ಮೇಲೆ ಬೆಳೆದ ಸೀಗಡಿಯ ಚಿತ್ರ. ಹೊಟ್ಟೆ ಮೇಲೆ, ಬೆನ್ನು ಕೆಳಗೆ, ಅಂಗಾತ ಈಜುತ್ತಿದೆ. ಬಲ್ಬಿನ ಹತ್ತಿರ ಹಿಡಿದು ನೋಡಿದೆ. ಇವನನ್ನು ನಾನು ಬಲ್ಲೆ.

ನಮ್ಮೂರು ದೊಡ್ಡಉಳ್ಳಾರ್ತಿ. ಅವ್ವ ದನ ಮೇಯುವ ಹುಲ್ಲುಬಯಲು ಕಾವಲಿನಲ್ಲಿ ಸಗಣಿ ಆರಿಸಲು ಹೋದರೆ ಹಿಂದೆ ನಾನು, ನನ್ನ ಅಕ್ಕ ನಾಗಕ್ಕ. ಮೊದಲ ಮಳೆಗೆ ಕಲ್ಲುಗುಡ್ಡೆ ಪಕ್ಕದ ತಗ್ಗು ತುಂಬುತ್ತಿತ್ತು. ವಾರದೊಳಗೆ ಆ ನೀರಿನ ತುಂಬಾ ಇಂಥವೇ. ಬೇಸಿಗೆಯೆಲ್ಲ ಬಿರುಕು ಬಿಟ್ಟು ಒಣಗಿದ ನೆಲದಲ್ಲಿ ಎಲ್ಲಿದ್ದವೋ! ಅಂಗಾತಪ್ಪ ಎಂದು ಹೆಸರಿಟ್ಟವಳು ಅಕ್ಕ. ತಂಬಿಗೆಯಲ್ಲಿ ಹಿಡಿದರೆ ಅವ್ವ ಗದರುತ್ತಿದ್ದಳು: "ಬಿಡ್ರೋ ಪಾಪ. ನೀರು ಆರೋದ್ರೊಳಗೆ ಬದುಕಿ ಮುಗಿಸ್ಬೇಕು ಅವು."

ಜೂನ್ 11, ಶುಕ್ರವಾರ

ಡಬ್ಬಿ ಹಳೆಯದಿರಬೇಕು. ಸಾವಿರಾರು ಬರುತ್ತವೆ ಎಂದದ್ದು, ಐವತ್ತು ಬಂದವು. ಪೈಪಿನ ಮೇಲಿನ ಮೊಟ್ಟೆ ಒಡೆದಿದೆ, ಮರಿಗಳು ಇನ್ನೆರಡು ದಿನದಲ್ಲಿ ಈಜುತ್ತವೆ. ಆಮೇಲೆ ಹಸಿವು.

ಕಾವಲ್ ಮಣ್ಣು ತರುತ್ತೇನೆ. ಅಂಗಾತಪ್ಪನ ಮೊಟ್ಟೆ ಅದರಲ್ಲೇ ಇರಬೇಕು.

ಅದೇ ಸಂಜೆ: ಸೈಕಲ್‌ನಲ್ಲಿ ಹೋಗಿ ಬಂದೆ. ತಗ್ಗು ಇದ್ದಲ್ಲೇ ಐತೆ (ಅಲ್ಲಿಗೆ ಹೋದರೆ ನನ್ನ ಬರವಣಿಗೆಯೂ ಊರ ಮಾತಾಡುತ್ತದೆ). ಮಳೆ ಇನ್ನೂ ಬಿದ್ದಿಲ್ಲ. ಬಿಸ್ಕತ್ ಡಬ್ಬಿ ತುಂಬಾ ಒಣಮಣ್ಣು ತಂದೆ. ಅರ್ಧ ಮಣ್ಣಿಗೆ ಚೀಟಿಯಲ್ಲಿ ಹೇಳಿದಷ್ಟೇ ಉಪ್ಪು, ನೀರು.

ಅಕ್ಕನಿಗೆ ತೋರಿಸಬೇಕು ಅನಿಸಿತು. ಅಕ್ಕ ಮಾತು ಬಿಟ್ಟು ಮೂರು ವರ್ಷ.

ತಪ್ಪು ನನ್ನದೇ. ಅವ್ವ ತೀರಿಕೊಂಡ ಸುದ್ದಿ ಬಂದಾಗ ಬೆಳಿಗ್ಗೆ ಹತ್ತು. ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿದಿದ್ದೆ. ಧಾರೆ ಮುಗಿಯಲಿ ಎಂದು ನಿಂತೆ. ಅಕ್ಕನಿರುವ ಮೊಳಕಾಲ್ಮೂರಿಗೆ ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದಾಗ ಹನ್ನೆರಡು. ಅಕ್ಕ ಬಂದು ಇಳಿಯುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. "ಅವ್ವನ ಮುಖ ನೋಡಾಕೆ ಬಿಡ್ಲಿಲ್ಲ ನೀನು." ಅದೇ ಕೊನೆಯ ಮಾತು. ಒಬ್ಬಳೇ ಅಕ್ಕ ನನಗೆ.

ಜೂನ್ 14, ಸೋಮವಾರ

ಮಣ್ಣಿನ ಬಾಟಲಿಯಲ್ಲಿ ಏನೂ ಇಲ್ಲ. ಮೂರು ದಿನವಾಯಿತು. ಮರಿಗಳು ಈಜುತ್ತಿವೆ, ದಿನಕ್ಕಿಷ್ಟು ಸಾಯುತ್ತಿವೆ.

ಸ್ಟುಡಿಯೋ ಮುಚ್ಚಿ ಮೊಳಕಾಲ್ಮೂರಿನ ಬಸ್ ಹತ್ತಿದೆ. ನೆಪ ಮೀನಿನದು. ಬಿ.ಜಿ. ಕೆರೆ ದಾಟುವಾಗ ಇಳಿದು ವಾಪಸ್ ಹೋಗಿಬಿಡಲೇ ಎನಿಸಿತ್ತು.

ಅಕ್ಕ ಮಗ್ಗದ ಮುಂದೆ. ತಲೆ ಎತ್ತಲಿಲ್ಲ. ಲಾಳಿ ಓಡುತ್ತಲೇ ಇತ್ತು. ನಾನು ಗೋಡೆಗೆ ಹೇಳುವವನಂತೆ ಎಲ್ಲ ಹೇಳಿದೆ. ಮೀನು, ಡಬ್ಬಿ, ಅಂಗಾತಪ್ಪ, ತಗ್ಗಿನ ಮಣ್ಣು, ಮೂರು ಚಮಚ ಉಪ್ಪು...

ಲಾಳಿ ನಿಂತಿತು.

"ಉಪ್ಪಾ?"

"ಚೀಟಿಯಾಗೆ ಹಂಗೇ ಬರ್ದೈತೆ ಕಣಕ್ಕ."

"ಲೇ, ಡಬ್ಬೀದು ಸಮುದ್ರದ ಕಡೇದು. ನಮ್ಮ ತಗ್ಗಿಗೆ ಮಳೆ ಬಂದಾಗ ಯಾರ್ ಹೋಗಿ ಉಪ್ಪು ಸುರೀತಿದ್ರೋ? ನಿಮ್ಮಪ್ಪನಾ?"

ನಕ್ಕಳು. ನಕ್ಕದ್ದು ತನಗೇ ಗೊತ್ತಾಗಿ ಸೆರಗು ಬಾಯಿಗೆ ಹಿಡಿದಳು. ಲಾಳಿ ಮತ್ತೆ ಓಡಿತು. ಆದರೂ ನಾನು ಏಳುವಾಗ ಹೇಳಿದಳು: "ಬಾವಿ ನೀರು ಹಾಕು. ನಲ್ಲಿದು ಬ್ಯಾಡ, ಔಷಧಿ ಹಾಕಿರ್ತಾರೆ."

ಬಸ್ಸಿನಲ್ಲಿ ಉದ್ದಕ್ಕೂ ಒಬ್ಬನೇ ನಗುತ್ತಿದ್ದೆ. ಪಕ್ಕದವನು ಸೀಟು ಬದಲಿಸಿದ.

ಜೂನ್ 16, ಬುಧವಾರ, ಸಂಜೆ 5

ಬಂದವು! ಉಳಿದರ್ಧ ಮಣ್ಣು, ಬಾವಿ ನೀರು, ಅಷ್ಟೇ. ಬಲ್ಬಿನ ಬೆಳಕಿಗೆ ಮೋಡದಂತೆ ಮುತ್ತಿಕೊಂಡಿವೆ. ಹೊಸತಾಗಿರುವಾಗಲೇ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಬಿಟ್ಟೆ. ಉಳಿದ ಮೀನುಮರಿ ಅರವತ್ತು ಇರಬಹುದು. ಒಂದೊಂದರ ಹೊಟ್ಟೆಯೂ ದುಂಡಗೆ, ತೆಳು ಕಿತ್ತಳೆ ಬಣ್ಣ. ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಅಕ್ಕನಿಗೆ ಕಾರ್ಡು ಬರೆದೆ. ಬಂದು ನೋಡು ಎಂದೆ. ಬರುವುದಿಲ್ಲ, ಗೊತ್ತು.

ಜುಲೈ 4, ಭಾನುವಾರ, ಮಧ್ಯಾಹ್ನ

ಅಕ್ಕ ಬಂದಿದ್ದಾಳೆ. ಹೇಳದೆ ಕೇಳದೆ, ಕೈಯಲ್ಲಿ ಒಂದು ಚೀಲ ಹಿಡಿದು. ಮೂವತ್ತೆಂಟು ಮರಿ ಬದುಕಿವೆ, ರೆಕ್ಕೆ ಮೂಡಿ ಪುಟ್ಟ ಏಂಜೆಲ್‌ಗಳೇ ಆಗಿವೆ. ಟ್ಯಾಂಕಿನ ಮುಂದೆ ಸ್ಟೂಲ್ ಹಾಕಿ ಕೂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಾಜಿನ ಕಡೆ ಮುಖ ಇಟ್ಟುಕೊಂಡೇ ಹೇಳಿದಳು.

"ದುರುಗ, ಅವತ್ತು ನೀನು ಹೇಳಿ ಕಳ್ಸೋಕೆ ಮೊದ್ಲೇ ನಂಗೆ ಗೊತ್ತಾಗಿತ್ತು. ಊರಿಂದ ಲಾರಿಯಾಗೆ ಬಂದಿದ್ದ ಗಾದ್ರಪ್ಪ ಎಂಟು ಗಂಟೆಗೇ ಹೇಳಿದ್ದ."

ಅಕ್ಕ ಗಾಜಿನ ಮೇಲೆ ಬೆರಳಾಡಿಸಿದಳು.

"ಮಗ್ಗದ ಮ್ಯಾಲೆ ಸೀರೆ ಇತ್ತು. ಸೆರಗೊಂದೇ ಉಳ್ದಿತ್ತು. ಮುಗ್ಸಿ ಎದ್ದು ಹೋಗನ, ಅವ್ವ ಎಲ್ಲಿಗೆ ಹೋಗ್ತಾಳೆ ಅಂದ್ಕಂಡೆ ಕಣೋ. ಆಮ್ಯಾಲೆ ಬಸ್ಸು ತಪ್ತು. ನಿನ್ನ ಮ್ಯಾಲೆ ಹಾಕಿದ್ರೆ ನನ್ನ ಭಾರ ಇಳೀತೈತೆ ಅಂತ ಮಾಡಿದ್ದೆ. ಇಳೀಲಿಲ್ಲ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನೂ ಧಾರೆ ಮುಗಿಸಿಯೇ ಎದ್ದವನು. ಒಳಗೆ ಬಂದು ಸ್ಟೌ ಹಚ್ಚಿದೆ. ಟೀ ಕುದಿಯುತ್ತಿದೆ, ಪಕ್ಕದಲ್ಲಿ ನಿಂತು ಇದನ್ನು ಗೀಚುತ್ತಿದ್ದೇನೆ. ಹೊರಗೆ ಅಕ್ಕ ಮೂಗು ಒರೆಸಿಕೊಳ್ಳುವುದು ಕೇಳುತ್ತಿದೆ.

ಅವಳಿಗೆ ಸಕ್ಕರೆ ಒಂದು ಚಮಚವೋ, ಎರಡೋ... ಮೂರು ವರ್ಷದಲ್ಲಿ ಅದೂ ಮರೆತಿದೆ. ಹೋಗಿ ಕೇಳುತ್ತೇನೆ.