ಗುಂಡಿ ಕಟ್ಟಿದ ತಂತಿ

ಮನೆ,
ನವೆಂಬರ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ನಿನ್ನ ರಾತ್ರಿ ಪಾಳಿ ಮುಗಿಯಿತೇ, ಇಲ್ಲ ಇನ್ನೂ ಆ ರಕ್ತ ಪರೀಕ್ಷೆಯ ಕೋಣೆಯಲ್ಲೇ ಬೆಳಗು ಮಾಡುತ್ತಿದ್ದೀಯಾ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಕಟ್ಟಿದಂತಿತ್ತು. ಕೇಳಿದರೆ ನೆಗಡಿ ಎಂದೆ. ಬಿಸಿನೀರು ಕುಡಿ, ಒದ್ದೆ ತಲೆಯಲ್ಲಿ ಮಲಗಬೇಡ. ಅಳಿಯಂದಿರ ಬೆನ್ನುನೋವು ಇಳಿಯಿತೇ? ಭಾರ ಎತ್ತಬೇಡಿ ಅಂದರೆ ಅವರು ಕೇಳುವವರಲ್ಲ, ನೀನೇ ನೋಡಿಕೊ. ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ. ಮಂಡಿ ಮಾತ್ರ ಹೊಲಿಗೆ ಯಂತ್ರದ ಹಾಗೆ ಕಟಕಟ ಎನ್ನುತ್ತದೆ. ಯಂತ್ರಕ್ಕಾದರೆ ಎರಡು ಹನಿ ಎಣ್ಣೆ ಬಿಡಬಹುದು. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಉಪ್ಪು ಹೆಚ್ಚಾದರೆ ಬೈಯುವವರಿಲ್ಲ, ಹಾಗಾಗಿ ಹೆಚ್ಚಾಗುತ್ತಲೇ ಇದೆ.

ಈ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಕಿವಿ ನಿನಗೆ ಗೊತ್ತಲ್ಲ. ಯಂತ್ರದ ಸದ್ದು ತುಂಬಿ ತುಂಬಿ ಅದರಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿದಿಲ್ಲ ಅಂತ ನಿನ್ನಮ್ಮ ಹೇಳುತ್ತಿದ್ದಳು. ನೀನೊಂದು ಹೇಳಿ, ನಾನೊಂದು ಕೇಳಿ, ಈ ಮಾತು ಎಲ್ಲೋ ಜಾರಿಹೋಗಬಾರದು. ಅದಕ್ಕೇ ಕಾಗದ.

ನಮ್ಮ ಹಾಡಿನ ಪೆಟ್ಟಿಗೆಗಳು ನಿನಗೆ ನೆನಪಿವೆಯಲ್ಲ, ಮುಂದಿನ ಕೋಣೆಯಲ್ಲಿ, ಕಿಟಕಿಯ ಆಚೆಗೊಂದು ಈಚೆಗೊಂದು. ನಡುವೆ ಆಂಪ್ಲಿಫೈಯರ್, ಅದರ ಮೇಲೆ ಅಮ್ಮ ಹೊದಿಸಿದ ಹಸಿರು ಬಟ್ಟೆ. ಅವಳು ಹೋದಮೇಲೆ ನಾನು ಅದನ್ನು ಹಚ್ಚಿರಲಿಲ್ಲ. ಮಳೆ ಹಿಡಿದು ಅಂಗಡಿಗೆ ಯಾರೂ ಬರದ ಒಂದು ದಿನ ಬೀರು ತೆಗೆದಾಗ ನಿನ್ನ ಹಳೆಯ ಕ್ಯಾಸೆಟ್ ಸಿಕ್ಕಿತು. ಶಾಲೆಯ ಸ್ಪರ್ಧೆಗೆ ನೀನು ಅಭ್ಯಾಸ ಮಾಡಿದ್ದ ಹಾಡು, ನಾನೇ ರೆಕಾರ್ಡ್ ಮಾಡಿದ್ದು. ಎಡಕ್ಕೊಂದು ಬಲಕ್ಕೊಂದು ಮೈಕು ಇದ್ದ ಆ ಚಿಕ್ಕ ರೆಕಾರ್ಡರನ್ನು ಸ್ಟೂಲಿನ ಮೇಲಿಟ್ಟು, ನಿನ್ನನ್ನು ಸರಿಯಾಗಿ ಅದರ ಎದುರಿಗೆ ಕೂರಿಸಿದ್ದೆ. ಆ ರೆಕಾರ್ಡರೂ ಬೀರುವಿನಲ್ಲೇ ಇತ್ತು. ಶೆಲ್ ಹಾಕಿ ನೋಡಿದೆ, ಓಡಿತು. ತಂತಿಯಿಂದ ಆಂಪ್ಲಿಫೈಯರಿಗೆ ಸೇರಿಸಿ ಕೇಳಿದೆ. ನಿನ್ನ ದನಿ ಬಂತು, ಆದರೆ ಬಲು ಬಡವಾಗಿ, ಒಗೆದು ಒಗೆದು ತೆಳ್ಳಗಾದ ಬಟ್ಟೆಯ ಹಾಗೆ.

ನನ್ನ ಹತ್ತಿರ ಒಬ್ಬರು ಗಿರಾಕಿ ಬರುತ್ತಾರೆ. ಪ್ರತಿ ವರ್ಷ ಅದೇ ಕೋಟನ್ನು ತಂದು ಸೊಂಟ ಸಡಿಲಿಸಿಕೊಳ್ಳುತ್ತಾರೆ, ಹೊಸದು ಹೊಲಿಸುವುದಿಲ್ಲ. ಸಂಗೀತದ ಹುಚ್ಚು ಜಾಸ್ತಿ. ಅವರಿಗೆ ಹೇಳಿದರೆ, "ಒಂಟಿ ತಂತಿ ಹಾಕಿದ್ರೆ ಇನ್ನೇನಾಗುತ್ತೆ? ಜೋಡಿ ಹಾಕಿ ನೋಡಿ, ಸ್ವರ ಮೈ ತುಂಬಿಕೊಂಡು ಬರುತ್ತೆ" ಎಂದರು. ನನಗೆ ಈ ಮಾತು ಥಟ್ಟನೆ ಹಿಡಿಸಿತು. ಜೀವನವಿಡೀ ಗುಂಡಿಗೆ ಜೋಡಿ ಎಳೆ ಹಾಕಿದವನು ನಾನು. ಒಂಟಿ ಎಳೆಯ ಗುಂಡಿ ಮದುವೆಮನೆಯಲ್ಲೇ ಉದುರುತ್ತದೆ ಅಂತ ನಿನಗೂ ಹೇಳಿಕೊಟ್ಟಿದ್ದೆ. ತಂತಿ ತರಲು ಮೂಲೆಯ ರೇಡಿಯೋ ರಿಪೇರಿಯವನ ಹತ್ತಿರ ಹೋದೆ. ಅವನು ನಕ್ಕ. "ಎರಡು ಹಗ್ಗ ಬಿಟ್ಟರೆ ಬಾವಿ ನೀರು ಸಿಹಿಯಾಗುತ್ತಾ ಯಜಮಾನ್ರೇ?" ಎಂದ. ಆದರೂ ತಂತಿ ಕೊಟ್ಟ. ವ್ಯಾಪಾರ ಬೇರೆ, ಅಭಿಪ್ರಾಯ ಬೇರೆ.

ಮೊದಲ ದಿನ ಜೋಡಿ ತಂತಿ ಹಾಕಿ ಕೇಳಿದೆ. ಏನು ಹೇಳಲಿ, ದನಿ ದುಂಡಗಾಗಿತ್ತು. ಕಣ್ಣುಮುಚ್ಚಿ ಕೂತು ತಲೆದೂಗಿದೆ. ಮಾರನೆಯ ದಿನ ಕಸ ಗುಡಿಸುವಾಗ ನೋಡುತ್ತೇನೆ, ಎರಡನೆಯ ತಂತಿಯ ಪಿನ್ನು ಆಂಪ್ಲಿಫೈಯರಿನ ಹಿಂದೆ ನೆಲದ ಮೇಲೆ ಬಿದ್ದಿದೆ. ಅದನ್ನು ಚುಚ್ಚಿರಲೇ ಇಲ್ಲ. ನಿನ್ನಮ್ಮ ಇದ್ದಿದ್ದರೆ ಊರಿಗೆಲ್ಲ ಹೇಳಿ ನಗುತ್ತಿದ್ದಳು. ನಾನೊಬ್ಬನೇ ನಕ್ಕೆ, ಅರ್ಧಕ್ಕೇ ನಿಂತುಹೋಯಿತು. ಆಮೇಲೆ ನಿಜವಾಗಿಯೂ ಎರಡನ್ನೂ ಚುಚ್ಚಿ ಕೇಳಿದರೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಅಲ್ಲಿಗೆ ಬಿಡಬೇಕಿತ್ತು. ಆದರೆ ಖಾಲಿ ಮನೆಯಲ್ಲಿ ಕೈಗೆ ಹತ್ತಿದ ಕೆಲಸ ಬಿಡುವುದು ಸುಲಭವಲ್ಲ. ಪಿನ್ನುಗಳನ್ನು ಕತ್ತರಿಸಿ, ತಂತಿಗಳನ್ನು ಸುಲಿದು, ಎರಡೆರಡನ್ನು ಒಂದೇ ಪಿನ್ನಿಗೆ ನಾನೇ ಬೆಸೆದೆ.

ಅಲ್ಲೇ ತಪ್ಪಿದ್ದು. ಸವೆದ ಕಾಲರ್ ಬಿಚ್ಚಿ ಒಳಮೈ ಹೊರಗೆ ಮಾಡಿ ಹೊಲಿಯುವ ಕೈ ಇದು. ತಿರುವಿ ಹಾಕುವುದು ಅದಕ್ಕೆ ಅಭ್ಯಾಸ. ಎಡಗಡೆಯ ತಂತಿಗೆ ಎಡಗಡೆಯದನ್ನೇ ಜೊತೆ ಮಾಡುವ ಬದಲು ಬಲಗಡೆಯದನ್ನು ತಂದು, ಅದನ್ನೂ ಕಾಲರಿನ ಹಾಗೆ ಒಳಹೊರಗು ತಿರುವಿ ಬೆಸೆದುಬಿಟ್ಟಿದ್ದೆ. ಹಚ್ಚಿದರೆ ನಿನ್ನ ದನಿಯೇ ಇಲ್ಲ. ಗೋಡೆಯಾಚೆ ಯಾರೋ ಹಾಡಿದ ಹಾಗೆ ಎಲ್ಲೋ ದೂರದಲ್ಲಿ ಒಂದಿಷ್ಟು. ಅದರ ಬದಲು ಪಾತ್ರೆಗಳ ಸದ್ದು, ನಲ್ಲಿಯ ನೀರು, ಮಣೆಯ ಮೇಲೆ ಚಾಕುವಿನ ಟಕಟಕ, ಜೊತೆಗೆ ಒಂದು ಗುಂಯ್‌ಗುಟ್ಟುವಿಕೆ. ಟೇಪು ಹಾಳಾಯಿತು, ಮಗಳ ದನಿಯನ್ನು ಕೈಯಾರೆ ಅಳಿಸಿಬಿಟ್ಟೆ ಅಂದುಕೊಂಡೆ. ರೆಕಾರ್ಡರ್, ತಂತಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮಳೆಯಲ್ಲೇ ರೇಡಿಯೋದವನ ಹತ್ತಿರ ಓಡಿದೆ.

ಅವನು ಪಿನ್ನು ನೋಡಿದವನೇ ಹಣೆ ಬಡಿದುಕೊಂಡ. "ಇದೇನು ತಂತಿಯಾ, ಜಡೆಯಾ? ಯಾರು ಹೆಣೆದಿದ್ದು?" ಎಂದ. ಆಮೇಲೆ ತಿಳಿಹೇಳಿದ. ಹೀಗೆ ತಿರುವಿ ಕೂಡಿಸಿದರೆ ಎರಡೂ ಮೈಕಿಗೆ ಸಮನಾಗಿ ಬಿದ್ದ ದನಿ ಒಂದನ್ನೊಂದು ನುಂಗಿಹಾಕುತ್ತದಂತೆ; ಒಂದು ಪಕ್ಕಕ್ಕೆ ಹೆಚ್ಚು ಬಿದ್ದದ್ದು ಮಾತ್ರ ಉಳಿಯುತ್ತದಂತೆ. "ಹಾಡುವವರು ನಡುವೆ ಕೂತಿದ್ದರು, ಅದಕ್ಕೇ ಮಾಯ. ಟೇಪಿಗೆ ಏನೂ ಆಗಿಲ್ಲ, ಗಾಬರಿ ಬೇಡ" ಎಂದು ಚಕಚಕನೆ ಕತ್ತರಿಸಿ ಸರಿಯಾಗಿ ಬೆಸೆದುಕೊಟ್ಟ. ಮನೆಗೆ ಬಂದು ಹಾಕಿದೆ. ನಿನ್ನ ದನಿ ಮರಳಿತ್ತು. ಪಾತ್ರೆಯ ಸದ್ದು ಹೋಗಿತ್ತು. ಸಮಾಧಾನದಿಂದ ಒಂದು ಪ್ಯಾಂಟಿನ ಅಂಚು ಹೊಲಿಯಲು ಕೂತೆ.

ಸೂಜಿಗೆ ದಾರ ಪೋಣಿಸುತ್ತಿದ್ದಾಗ ನನಗೆ ಹೊಳೆಯಿತು. ಸ್ಟೂಲಿನ ಎಡಗಡೆಗೆ ಇದ್ದದ್ದು ಅಡುಗೆಮನೆಯ ಬಾಗಿಲು. ಆ ಗುಂಯ್‌ಗುಟ್ಟುವಿಕೆ ಯಂತ್ರದ್ದಲ್ಲ. ಅದು ಏರುತ್ತಿತ್ತು, ಇಳಿಯುತ್ತಿತ್ತು. ನಿನ್ನ ಹಾಡು ಏರಿದಲ್ಲಿ ಏರುತ್ತಿತ್ತು.

ಮಗಳೇ, ನಿನ್ನಮ್ಮನಿಗೆ ಹಾಡಿನ ಕಿವಿಯೇ ಇಲ್ಲ ಅಂತ ನಾವಿಬ್ಬರೂ ಎಷ್ಟು ನಕ್ಕಿದ್ದೇವೆ. ನೀನು ಹಾಡಲು ಕೂತಾಗಲೆಲ್ಲ ನಾನು "ಬಾರೇ, ಒಂದು ಗಳಿಗೆ ಕೂತು ಕೇಳೇ" ಎಂದು ಕರೆಯುತ್ತಿದ್ದೆ. "ನನಗೆ ಕೆಲಸ ಇದೆ" ಅನ್ನುವುದು ಅವಳ ಒಂದೇ ಉತ್ತರ. ನಿನ್ನ ದನಿ ಸಣ್ಣದು ಅಂತ ನಿನಗೆ ಪೀಪಿ ಎಂದು ಹೆಸರಿಟ್ಟಿದ್ದೂ ಅವಳೇ. ಸ್ವಲ್ಪ ದೊಡ್ಡವಳಾದಮೇಲೆ ಹಾಗೆ ಕರೆಯಬೇಡ ಅಂತ ನೀನು ಅವಳಿಗೆ ಹೇಳಿದೆ. ಅವಳು ಸರಿ ಎಂದು ಬಿಟ್ಟುಬಿಟ್ಟಳು. ಸ್ಪರ್ಧೆಯಲ್ಲಿ ಬಹುಮಾನ ಬರದೆ ನೀನು ಮುಖ ಊದಿಸಿಕೊಂಡು ಬಂದ ದಿನ, "ಹಾಡಿನಿಂದ ಹೊಟ್ಟೆ ತುಂಬುತ್ತಾ? ಬಾ, ಉಣ್ಣು" ಎಂದಳು. ನೀನು ಮೊದಲ ಮಾತನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡೆ. ಆಮೇಲೆ ಈ ಮನೆಯಲ್ಲಿ ಹಾಡು ಕೇಳಲಿಲ್ಲ. ಅವಳನ್ನು ಕಳಿಸಿ ಬಂದ ಸಂಜೆ, ಅವಳ ಸೀರೆ ಮಡಿಸುತ್ತಾ ನೀನು ಹೇಳಿದ್ದು ನನಗೆ ಇನ್ನೂ ಚುಚ್ಚುತ್ತದೆ. "ಒಂದೇ ಒಂದು ದಿನ ಕೂತು ಕೇಳಿದ್ದಿದ್ರೆ ಅಪ್ಪಾ." ಹೌದು, ಪಾಪ, ಅವಳ ಸ್ವಭಾವ ಹಾಗೆ, ಎಂದೆ ನಾನು. ನನಗೆ ತಿಳಿದಿದ್ದದ್ದು ಅಷ್ಟೇ.

ತಂತಿ ಸರಿಮಾಡಿಸಿ ತಂದ ಮಾರನೆಯ ಬೆಳಿಗ್ಗೆ ನನ್ನ ಅಂಗಡಿ ತೆರೆಯುವುದಕ್ಕೆ ಮುಂಚೆಯೇ ರೇಡಿಯೋದವನ ಮುಂದೆ ನಿಂತಿದ್ದೆ. ತಂತಿಯನ್ನು ಮತ್ತೆ ನಿನ್ನೆಯ ಹಾಗೇ ಮಾಡಿಕೊಡು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ತಪ್ಪಾಗಿದ್ದನ್ನ ಸರಿ ಮಾಡಿಕೊಡಿ ಅಂತ ಊರೆಲ್ಲ ಬರುತ್ತೆ. ಸರಿಯಾಗಿರೋದನ್ನ ತಪ್ಪು ಮಾಡಿಕೊಡು ಅಂತ ಬಂದವರು ನೀವೊಬ್ಬರೇ" ಎಂದ. ಯಾಕೆ ಅಂತ ಹೇಳಿದೆ. ಆಮೇಲೆ ಅವನು ತಮಾಷೆ ಮಾಡಲಿಲ್ಲ. ಕಸದ ಡಬ್ಬಿಯಿಂದ ನನ್ನ ಹಳೆಯ ತುಂಡನ್ನು ಹುಡುಕಿ ತೆಗೆದು, ಅದನ್ನು ನೋಡಿಕೊಂಡು, ನನ್ನ ತಪ್ಪನ್ನು ನನಗಿಂತ ಅಚ್ಚುಕಟ್ಟಾಗಿ ಇನ್ನೊಂದು ತಂತಿಯಲ್ಲಿ ಮಾಡಿಕೊಟ್ಟ. ಈಗ ನನ್ನ ಹತ್ತಿರ ಎರಡು ತಂತಿಗಳಿವೆ. ಅದಲುಬದಲಾಗದಿರಲಿ ಅಂತ ತಪ್ಪು ತಂತಿಗೆ ಒಂದು ಕಂದು ಗುಂಡಿ ಕಟ್ಟಿದ್ದೇನೆ, ಜೋಡಿ ಎಳೆಯಲ್ಲಿ.

ಗುಂಡಿಯ ತಂತಿ ಹಾಕಿದರೆ ನಿನ್ನಮ್ಮ ಅಡುಗೆಮನೆಯಲ್ಲಿ ಇರುತ್ತಾಳೆ. ತರಕಾರಿ ಹೆಚ್ಚುತ್ತಾ ಬಾಯಿ ಮುಚ್ಚಿಕೊಂಡು ಗುನುಗುತ್ತಾಳೆ, ಪೂರ್ತಿ ಹಾಡು. ನೀನು ಉಸಿರು ಸಾಲದೆ ಬಿಡುತ್ತಿದ್ದ ಆ ಎತ್ತರದ ಸಾಲು ಇದೆಯಲ್ಲ, ಅಲ್ಲಿ ಚಾಕು ನಿಲ್ಲುತ್ತದೆ. ನೀನು ಬಿಟ್ಟಲ್ಲಿಂದ ಅವಳು ಎತ್ತಿಕೊಂಡು ಕೊನೆಯವರೆಗೆ ಹೋಗುತ್ತಾಳೆ. ಒಂದು ಸ್ವರವೂ ಆಚೀಚೆ ಇಲ್ಲ. ಆಮೇಲೆ ಮತ್ತೆ ಚಾಕು. ನಾನು ಅಲ್ಲೇ, ನಿನ್ನ ಎದುರಿಗೇ ಕೂತಿದ್ದೆ. ಅಡುಗೆಮನೆಗೂ ನನಗೂ ನಡುವೆ ಒಂದು ಪರದೆ, ಅದೂ ನಾನೇ ಹೊಲಿದದ್ದು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು. ಅವಳು ಇದ್ದಾಗ ಈ ತಂತಿ ತಪ್ಪಿದ್ದರೆ ಪರದೆ ಸರಿಸಿ, "ಏನೇ, ಕಳ್ಳಿ" ಎಂದು ಕೇಳಬಹುದಿತ್ತು. ಈಗ ಪರದೆ ಸರಿಸಿದರೆ ಒಲೆ ಕಾಣುತ್ತದೆ.

ಬರೆಯುತ್ತಾ ಹೋದರೆ ಕಾಗದ ಒದ್ದೆಯಾಗುತ್ತದೆ, ನಿಲ್ಲಿಸುತ್ತೇನೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು, ಅವರ ಬೂದು ಪ್ಯಾಂಟು ಸಿದ್ಧವಾಗಿದೆ ಅಂತಲೂ ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ, ಕಣ್ಣು, ದನಿ ಎಲ್ಲ ಚೆನ್ನಾಗಿರಲಿ.

ಇತಿ ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯಲೋ ಬೇಡವೋ ಎಂದು ಬೆಳಗಿನಿಂದ ಒದ್ದಾಡಿದೆ. ಹಾಡಿನ ಕೊನೆಯಲ್ಲಿ ಪಕ್ಕದ ಮನೆಯವರು ಹಿಂದಿನ ಬಾಗಿಲಿಂದ ಬಂದು, ಮಗಳು ಎಷ್ಟು ಚೆನ್ನಾಗಿ ಹಾಡ್ತಾಳೆ, ಒಳಗೆ ಹೋಗಿ ಕೇಳಬಾರದಾ ಅನ್ನುತ್ತಾರೆ. ನಿನ್ನಮ್ಮ ಹೇಳುತ್ತಾಳೆ: "ಮೆತ್ತಗೆ ಅಕ್ಕಾ. ಒಂದ್ಸಲ ನಾನು ಬಾಗಿಲಲ್ಲಿ ನಿಂತಿದ್ದಕ್ಕೇ ಸಾಲು ಮರೆತು ಓಡಿಹೋದಳು. ನಾನು ಹೋದ್ರೆ ಪೀಪಿ ನಿಂತುಹೋಗುತ್ತೆ. ಇಲ್ಲಿಂದಲೇ ಸಾಕು ನನಗೆ. ನನ್ನ ಪೀಪಿ..." ಅದರ ಮುಂದೆ ಇನ್ನೊಂದು ಮಾತಿದೆ. ಅದು ನನ್ನ ಕಿವಿಗೆ ಸಿಗುತ್ತಿಲ್ಲ. ರೇಡಿಯೋದವನನ್ನು ಕರೆದು ಕೇಳಿಸಬಹುದಿತ್ತು. ಬೇಡವೆನಿಸಿತು, ಅದು ಅವನಿಗೆ ಹೇಳಿದ್ದಲ್ಲ. ಟೇಪು ಅಲ್ಲಲ್ಲಿ ಕಿರುಗುಟ್ಟಲು ಶುರುಮಾಡಿದೆ, ಅದಕ್ಕೇ ನಿಲ್ಲಿಸಿಬಿಟ್ಟಿದ್ದೇನೆ, ಮತ್ತೆ ಹಾಕುವುದಿಲ್ಲ. ಗುಂಡಿಯ ತಂತಿ ಚುಚ್ಚಿಯೇ ಇದೆ. ರಜೆ ಸಿಕ್ಕಾಗ ಬಾ. ಒಬ್ಬಳೇ ಕೂತು ಕೇಳು, ನಾನು ಅಡುಗೆಮನೆಯಲ್ಲಿ ಇರುತ್ತೇನೆ.